ಬಿಸಿಲುಬುಟ್ಟಿ

ಸರ್ವೋತ್ತಮ,

ಇವತ್ತು ಬೆಳಿಗ್ಗೆ ನಮ್ಮ ಡೊಂಬಿವಲಿ ಹೌಸಿಂಗ್ ಸೊಸೈಟಿಯ ಟೆರೇಸಿನಲ್ಲಿ ಸೋಲಾರ್ ಶುರುವಾಯಿತು. ಸ್ವಿಚ್ ಒತ್ತಿದ್ದು ನಿನ್ನ ಹೆಂಡತಿ ಪುಷ್ಪಾವತಿ. ನೀನು ತೀರಿಕೊಂಡು ಎರಡು ವರ್ಷವಾದರೂ ಎಲ್ಲರ ಬಾಯಲ್ಲಿ ನಿನ್ನದೇ ಹೆಸರು. ನನಗೆ ಹೊಟ್ಟೆ ಉರಿಯಿತು ಮಾರಾಯ.

ಅಂದು ಸೊಸೈಟಿ ಮೀಟಿಂಗಿನಲ್ಲಿ ನೀನು ಇದೇ ಸೋಲಾರ್ ಹಾಕಿಸೋಣ ಎಂದಾಗ, ಬುಟ್ಟಿಯಲ್ಲಿ ಬಿಸಿಲು ಹೊತ್ತು ತರಲು ಹೊರಟವನ ಕತೆ ಕಟ್ಟಿ ಹೇಳಿದವನು ನಾನು. ಎಲ್ಲರೂ ನಕ್ಕರು, ಯೋಜನೆ ಬಿದ್ದುಹೋಯಿತು, ನಿನಗೆ ‘ಬಿಸಿಲುಬುಟ್ಟಿ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಆಮೇಲೆ ನೀನು ನನ್ನ ಕತೆ ಕೇಳಲು ಬಂದು ಕೂರಲೇ ಇಲ್ಲ. ಈಗ ಟೆರೇಸಿನ ಬೋರ್ಡಿನಲ್ಲಿ ಮರಾಠಿ ಅಕ್ಷರದಲ್ಲಿ ಆ ಅಡ್ಡಹೆಸರನ್ನೇ ಬರೆಸಿದ್ದಾರೆ. ಮಾತು ನನ್ನದು, ಮರ್ಯಾದೆ ನಿನಗೆ.

ಮಧ್ಯಾಹ್ನ ಕರೆಂಟ್ ಹೋದರೂ ಲಿಫ್ಟ್ ನಡೆಯುತ್ತಿತ್ತು.

“ಬನ್ನಿ ಅಂಕಲ್, ಬಿಸಿಲುಬುಟ್ಟಿ ಚಾಲೂ ಉಂಟು” ಎಂದಳು ಪಕ್ಕದ ಮನೆಯ ಮಾನಸಿ.

“ನನಗೆ ಕಾಲುಂಟು” ಎಂದು ಮೆಟ್ಟಿಲು ಹತ್ತಿದೆ.

ಮೂರನೇ ಮಾಳಿಗೆಯಲ್ಲಿ ಮಂಡಿ ಸೋತಿತು. ಅಲ್ಲೇ ಕೂತು ಬೆಳಗಿನ ಆಮಂತ್ರಣದ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಈ ಮೆಟ್ಟಿಲಲ್ಲಿ ಹಗಲೂ ಕತ್ತಲೆ. ತಲೆಯ ಮೇಲೆ ಉರಿಯುತ್ತಿರುವ ಬಲ್ಬೂ ನಿನ್ನದೇ.