ಗೇಣಿಗೊಂದು ಗಿಡ

ಜನವರಿ 11, ಬೆಳಿಗ್ಗೆ 7
ಗಿಡ ನೆಡಲು ಇನ್ನೂ ಇಪ್ಪತ್ತು ಗುಂಡಿ ಬಾಕಿ. ಸೊಂಟ ಬಿದ್ದುಹೋಗಿದೆ. ಒಂಬತ್ತಕ್ಕೆ ಡ್ರೈವಿಂಗ್ ಕ್ಲಾಸ್ ಬೇರೆ — ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ಗೊತ್ತಿಲ್ಲದ ಮಹಾಶಯರೊಬ್ಬರಿಗೆ ಕಲಿಸಬೇಕು.

ನರ್ಸರಿಯವನು ಹೇಳಿದ್ದು: "ಅಡಿಗೊಂದು ನೆಡಿ ಸಾರ್. ಎರಡು ವರ್ಷದಲ್ಲಿ ತಾನೇ ಹಬ್ಬಿ ನೆಲ ಮುಚ್ಚುತ್ತೆ. ಆಮೇಲೆ ಬಿಸಿಲಿರ್ಲಿ, ಚಳಿಯಿರ್ಲಿ, ವರ್ಷಾ ವರ್ಷಾ ನೇರಳೆ ಹೂ."

ಎರಡು ವರ್ಷ ಯಾರು ಕಾಯುತ್ತಾರೆ? ಜೂನ್‌ಗೆ ಮಗು. ಮುಂದಿನ ವರ್ಷ ಅಂಬೆಗಾಲು. ಹಿತ್ತಲೆಲ್ಲ ಬರೀ ಜಲ್ಲಿಕಲ್ಲು. ಗೇಣಿಗೊಂದು ನೆಡುತ್ತಿದ್ದೇನೆ.

"ಇನ್ನೂ ಹುಟ್ಟೇ ಇಲ್ಲ, ಆಗ್ಲೇ ಹಾಸಿಗೆ ಹಾಸ್ತಿದ್ದೀರಲ್ರೀ!" ಬಾಗಿಲಲ್ಲಿ ನಿಂತು ನಗುತ್ತಾಳೆ ಇವಳು.

ಜನವರಿ 29
ಒಂದೂ ಸತ್ತಿಲ್ಲ. ಕಾಲರ್ ಏರಿಸಿಕೊಂಡು ಓಡಾಡುತ್ತಿದ್ದೇನೆ.

ಮಗು ಮಿಸುಕಾಡಿತಂತೆ. ನಾನು ಕೈಯಿಟ್ಟರೆ ಏನೂ ಇಲ್ಲ. "ನಿಮ್ಮ ಹಾಗೇ... ಕರೆದ್ರೆ ಓಗೊಡಲ್ಲ," ಎಂದಳು.

ಮಾರ್ಚ್ 22
ಮಗು ಉಳಿಯಲಿಲ್ಲ. ಫೆಬ್ರವರಿ ಎಂಟು. ಹೆಣ್ಣು.

ಇವಳ ಮುಂದೆ ಅಳುವಂತಿಲ್ಲ. ನಿನ್ನೆ ಕ್ಲಾಸಿನಲ್ಲಿ, ಕಾರೊಳಗೆ ಅತ್ತುಬಿಟ್ಟೆ. ಸ್ಟೀರಿಂಗ್ ಹಿಡಿದಿದ್ದವರು ಕಲಿಯಲು ಬರುವ ಶಾಲೆಯ ಟೀಚರಮ್ಮ; ಪಾಪ, "ನನ್ನ ರಿವರ್ಸ್ ಅಷ್ಟು ಕೆಟ್ಟದಾಗಿದ್ಯಾ ಸಾರ್?" ಎಂದು ಗಾಬರಿಯಾದರು.

ಮೇ 3
ಹೂ ಬಿಟ್ಟಿದೆ, ಅಂಚಿನಲ್ಲಿ ಮಾತ್ರ. ನಡುವೆ ಎಲೆ ಕಪ್ಪಾಗಿ ಕೊಳೆಯುತ್ತಿದೆ. ನರ್ಸರಿಯವನು ಬಂದು ನೋಡಿ ತಲೆ ಚಚ್ಚಿಕೊಂಡ.

"ಗಾಳಿ ಆಡೋಕೆ ಜಾಗ ಎಲ್ಲಿದೆ ಸಾರ್? ಒಂದು ಬಿಟ್ಟು ಒಂದು ಕಿತ್ತುಹಾಕಿ. ಇಲ್ದಿದ್ರೆ ಎಲ್ಲಾ ಹೋಗುತ್ತೆ. ಕಿತ್ತಿದ್ದನ್ನ ಬೇರೆ ಕಡೆ ನೆಡ್ಬೇಡಿ, ರೋಗಾನೂ ಜೊತೆಗೇ ಹೋಗುತ್ತೆ."

ಮೇ 10
ಒಂದರ ಬುಡ ಹಿಡಿದೆ. ಗಟ್ಟಿಮುಟ್ಟಾದ ಗಿಡ. ಕೀಳಲು ಕೈ ಬರಲಿಲ್ಲ. ಎದ್ದು ಒಳಗೆ ಬಂದೆ.

"ಎಲ್ಲಾ ನನ್ನ ಆತುರದಿಂದ," ಎಂದೆ.

ಬಟ್ಟೆ ಮಡಿಸುತ್ತಿದ್ದ ಇವಳು ತಲೆಯೆತ್ತಿದಳು. "ನಿಮ್ಮ ಆತುರಕ್ಕೆ ಮಗು ಹೋಗ್ಲಿಲ್ಲ ಕಣ್ರೀ."

ಮೇ 17, ಸಂಜೆ 6
ಇವಳೇ ಹಿತ್ತಲಿಗೆ ಬಂದಳು. ಫೆಬ್ರವರಿಯಿಂದ ಈಚೆಗೆ ಇದೇ ಮೊದಲು. ಸೆರಗು ಸಿಕ್ಕಿಸಿ, ಕೂತು, ಕೀಳತೊಡಗಿದಳು. ನಾನು ಬುಟ್ಟಿ ಹಿಡಿದು ಹಿಂದೆ ಹಿಂದೆ.

ಏಳನೆಯ ಗಿಡ ಮೊಗ್ಗು ಬಿಟ್ಟಿತ್ತು. ಕಿತ್ತಳು. ಬುಟ್ಟಿಗೆ ಹಾಕಲಿಲ್ಲ.

"ಅವಳಿಗೆ ಏನು ಹೆಸರಿಡ್ಬೇಕು ಅಂದ್ಕೊಂಡಿದ್ರಿ?"

ಹೆಣ್ಣಾದರೆ ಇಡಲೆಂದು ಒಂದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಹುಟ್ಟಿದ ಮೇಲೆ ಹೇಳೋಣ ಎಂದು ಇವಳಿಗೂ ಹೇಳಿರಲಿಲ್ಲ. ಹೇಳಿದೆ.

"ಇನ್ನೊಂದ್ಸಲ ಹೇಳಿ."

ಹೇಳಿದೆ. ಮಣ್ಣಿನ ಸಮೇತ ಆ ಗಿಡವನ್ನು ಎದೆಗವಚಿಕೊಂಡು ಅತ್ತಳು. ನಾನೂ ಅತ್ತೆ, ಇವಳ ಮುಂದೆಯೇ.

ಇದುವರೆಗೆ ಅವಳ ಹೆಸರನ್ನು ಯಾರೂ ಎಲ್ಲೂ ಬರೆದಿಲ್ಲ. ಆಸ್ಪತ್ರೆಯ ಕಾಗದದಲ್ಲೂ ಇಲ್ಲ. ಒಂದು ಕಡೆಯಾದರೂ ಇರಬೇಕು. ಇವಳೇ ಬರೆಯಲಿ ಎಂದು ಪೆನ್ನನ್ನು ಇವಳ ಕೈಗೆ ಕೊಡುತ್ತಿದ್ದೇನೆ. ನಮ್ಮ ಮಗಳ ಹೆಸರು —