ಸ್ವಿಚ್ಚಿನ ಮ್ಯಾಲಿನ ಹಿಟ್ಟು

ಅತ್ತಿಯವರ,

ಬುಟ್ಟ್ಯಾಗ ನೀವು ಬಡದ ರೊಟ್ಟಿ ಅದಾವು, ಝುಣಕಾ ಮುಚ್ಚಿಟ್ಟೇನಿ. ಉಂಡ ಮ್ಯಾಲ ಬಿಪಿ ಗುಳಗಿ ತಗೋರಿ, ನಿನ್ನೆ ಮರತೀರಿ.

ನಿನ್ನೆ ಹುನಗುಂದದಾಗ ನನ್ನ ಕರೆಂಟ್ ಸ್ಕೂಟರಿನ ಬ್ಯಾಟರಿ ತಪಾಸ ಮಾಡಿಸಿದೆ. ನಾಕು ವರ್ಷ ಓಡಿಸಿದರೂ ಹೊಸದಿದ್ದಾಗಿನ ತಾಕತ್ತು ನೂರಕ್ಕ ತೊಂಬತ್ತು ಉಳದೈತಂತ. ನನ್ನ ಕೂಡ ಇಂಥಾದ ಗಾಡಿ ತಗೊಂಡ ಗೆಳತಿ ಬಸವೇಶ್ವರಿದು ಅರವತ್ತಕ್ಕ ಇಳದೈತಿ. "ದಿನಾ ಪೂರಾ ತುಂಬಿಸಿ ಬಿಸಲಾಗ ನಿಲ್ಲಿಸಿದ್ರ ಬ್ಯಾಟರಿ ಲಗೂನ ಮುಪ್ಪಾಗತೈತ್ರಿ. ನಿಮ್ಮದನ್ನ ಯಾರು ಇಷ್ಟು ಜ್ವಾಕಿ ಮಾಡ್ಯಾರ?" ಅಂತ ಮೆಕ್ಯಾನಿಕ್ ಕೇಳಿದ. ನಮ್ಮತ್ತಿ ಅಂದೆ.

"ಎತ್ತಿಗೆ ಹೊಟ್ಟಿ ಬಿರಿಯೂವಂಗ ಮೇಯಿಸಿ ಬಿಸಲಿಗೆ ಕಟ್ತಾರೇನು" ಅಂತ ನೀವು ಚಾರ್ಜ್ ತುಂಬೂ ಮೊದಲ ಸ್ವಿಚ್ ಆರಿಸತಿದ್ರಿ, ಗಾಡಿ ಬೇವಿನ ನೆಳ್ಳಿಗೆ ದೂಡತಿದ್ರಿ. ನಾ ಸಿಟ್ಟಿಲೆ ಸ್ವಿಚ್ಚನ್ನ ನಿಮಗ ಎಟಕದಂಗ ಮ್ಯಾಲ ಹಾಕಿಸಿದೆ. ಆದರೂ ಚಾರ್ಜ್ ಎಂದೂ ಪೂರಾ ಆಗಲಿಲ್ಲ. ಇವತ್ತ ಮುಂಜಾನೆ ನೋಡಿದೆ, ಸ್ವಿಚ್ಚಿನ ಮ್ಯಾಲ ಜ್ವಾಳದ ಹಿಟ್ಟಿನ ಬಟ್ಟಿನ ಗುರ್ತು, ಕೆಳಗ ಸ್ಟೂಲು. ಈ ವಯಸ್ಸಿನ್ಯಾಗ.

ಹನ್ನೊಂದಕ್ಕ ಕರೆಂಟಿನ ಮುರ್ತುಜಸಾಬ ಬರ್ತಾನ. ಗ್ವಾಡಿಗೆ ನಿಂತು ತೋರಸ್ರಿ, ನಿಮ್ಮ ಕೈ ಎಲ್ಲಿ ಮುಟ್ಟತೈತೋ ಅಲ್ಲೇ ಸ್ವಿಚ್ ಕೂಡ್ರಸು ಅಂತ ಹೇಳೇನಿ. ಸ್ಟೂಲು ನಾ ಸಂಗಾಟ ಒಯ್ದೇನಿ, ಹುಡುಕಬ್ಯಾಡ್ರಿ.

ನಾಗರತ್ನಾ