ಟೂ ಕ್ಲಬ್ಸ್‌ಗೆ ನಾನು ಪಾಸ್ ಅಂದಿದ್ದು

ಮಂಗಳವಾರ, ಊಟದ ಬಿಡುವು

ಅಕ್ಕಾ,

ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ ನೀನು. ಸಿಟ್ಟು ಇಳಿದಿಲ್ಲ ಅಂತ ಗೊತ್ತಾಯ್ತು. ಅದಕ್ಕೇ ಈ ಕಾಗದ. ಹತ್ತನೇ ಕ್ಲಾಸ್ ಪರೀಕ್ಷೆ ಆದ್ಮೇಲೆ ಇಷ್ಟುದ್ದ ಬರೀತಿರೋದು ಇದೇ ಮೊದಲು.

ಇಲ್ಲಿ ಹೊಸ ಆಸ್ಪತ್ರೆಗೆ ಎರಡು ಲಿಫ್ಟ್ ಕೂರಿಸ್ತಿದ್ದೀವಿ. ಇನ್ನೂ ಹದಿನೈದು ದಿನದ ಕೆಲಸ ಇದೆ. ನನ್ನ ಕಾಲಲ್ಲಿ ಮೋಟಾರ್ ಇದೆಯಂತೆ, ಅದನ್ನೇ ಬಿಚ್ಚಿ ಲಿಫ್ಟಿಗೆ ಹಾಕೋಣ ಅಂತಾನೆ ಮೇಸ್ತ್ರಿ. ಮೂರು ವರ್ಷದಲ್ಲಿ ನಾಲ್ಕು ಕೆಲಸ ಬಿಟ್ಟವನು ನಾನು. ನನ್ನನ್ನ ನಾಲ್ಕು ಗಂಟೆ ಒಂದೇ ಕುರ್ಚಿಲಿ ಕೂರಿಸಿದ್ದು ನೀನೊಬ್ಬಳೇ, ಅದೂ ಕೈಗೆ ಇಸ್ಪೀಟು ಕೊಟ್ಟು.

ಭಾನುವಾರ ಇಸ್ಪೀಟ್ ಕ್ಲಬ್ಬಲ್ಲಿ ಬ್ರಿಜ್ ಆಡಿದ ವಿಷಯಕ್ಕೆ ಬರ್ತೀನಿ. ನೀನು ಟೂ ಕ್ಲಬ್ಸ್ ಅಂದೆ. ಅದಕ್ಕೂ ಕ್ಲಬ್ಸ್ ಎಲೆಗೂ ಸಂಬಂಧವೇ ಇಲ್ಲ, ನನ್ನ ಹತ್ರ ಭಾರಿ ಎಲೆ ಬಂದಿದೆ, ಇಪ್ಪತ್ತೆರಡು ಪಾಯಿಂಟಿಗೆ ಕಮ್ಮಿ ಇಲ್ಲ ಅಂತ ಜೊತೆಗಾರನಿಗೆ ಹೇಳೋ ಮಾತು ಅದು ಅಂತ ಮೊದಲನೇ ದಿನವೇ ನೀನು ಕಲಿಸಿದ್ದೆ. ನಿನ್ನ ಕೈಲಿ ಬರೀ ಕಸ ಇದ್ರೂ ಟೂ ಡೈಮಂಡ್ಸ್ ಅಂತ ಹೇಳಿ ಮಾತು ಮುಂದಕ್ಕೆ ತಳ್ಳು, ಪಾಸ್ ಅಂತ ಮಾತ್ರ ಅನ್ನಬೇಡ ಅಂದಿದ್ದೆ. ನಾನು ಪಾಸ್ ಅಂದೆ.

ಆಮೇಲೆ ಆಗಿದ್ದು ನೋಡು. ಟೂ ಕ್ಲಬ್ಸಲ್ಲೇ ನಿಂತ್ವಿ, ಗೆಲ್ಲಕ್ಕೆ ಬೇಕಾದ ಎಂಟು ಟ್ರಿಕ್ಕೂ ಬಂತು. ಅದೇ ಎಲೆ ಹಿಡಿದ ಬೇರೆ ಟೇಬಲಿನವರೆಲ್ಲ ಇನ್ನೂ ಮೇಲಕ್ಕೆ ಕೂಗಿ ಸೋತಿದ್ರು. ಎದುರಾಳಿ ರಿಟೈರ್ಡ್ ಹೆಡ್‌ಮಾಸ್ಟರು ನಿನ್ನ ಎಲೆ ಎಲ್ಲ ತಿರುಗಿಸಿ ಎಣಿಸಿದ್ರು. ಹದಿನಾರೇ ಪಾಯಿಂಟು. ಹದಿನಾರಕ್ಕೆ ಅಕ್ಕ ಟೂ ಕ್ಲಬ್ಸ್ ಅಂತಾಳೆ, ತಮ್ಮ ತಣ್ಣಗೆ ಪಾಸ್ ಅಂತಾನೆ, ಇವರಿಬ್ಬರ ಮಧ್ಯೆ ಏನೋ ಸನ್ನೆ ಇದೆ ಅಂತ ಸೆಕ್ರೆಟರಿ ಮುಂದೆ ಹೇಳೇಬಿಟ್ರು. ಕಡಿಮೆ ಓದಿದವನು ಸಾರ್, ರೂಲ್ ಮರೆತುಹೋಯ್ತು ಅಂತ ನಾನು ತಲೆ ಕೆರ್ಕೊಂಡೆ. ಎರಡು ವರ್ಷ ಹೇಳಿಕೊಟ್ಟಿದ್ದು ನೀರಲ್ಲಿ ಹೋಮ ಆಯ್ತು, ನನ್ನ ಮರ್ಯಾದೆ ತೆಗೆದೆ ಅಂತ ನೀನು ಮೆಟ್ಟಿಲ ಮೇಲೆ ಬೈದು ಹೋದೆ.

ನಾನು ಮರೆತಿರಲಿಲ್ಲ ಅಕ್ಕ.

ಅದಕ್ಕೂ ಹಿಂದಿನ ಆಟದಲ್ಲಿ ನೀನು ಗುಲಾಮನ್ನ ಕೆಳಗಿಟ್ಟು ರಾಜ ಅಂದೆ. ಎದುರಾಳಿಗಳು ನಕ್ಕಿದ್ದಕ್ಕೆ ಬಾಯಿ ತಪ್ತು ಅಂದೆ. ಈ ಸಲ ಎಲೆ ಜೋಡಿಸ್ಕೊಳ್ಳುವಾಗ ಮೂರು ಎಲೆನ ಒಂದೊಂದಾಗಿ ಮೂಗಿನ ಹತ್ರ ತಂದೆ, ದೂರ ಹಿಡಿದೆ, ಮತ್ತೆ ತಂದೆ. ತುಟಿಯಲ್ಲೇ ಎರಡೆರಡು ಸಲ ಎಣಿಸಿದೆ. ಅವು ಮೂರೂ ಗುಲಾಮನೇ ಇರಬೇಕು, ಇವಳು ರಾಜ ಅಂದ್ಕೊಂಡಿದ್ದಾಳೆ ಅನ್ನಿಸ್ತು. ಹಂಗೇ ಆಗಿತ್ತು. ಗುಲಾಮನಿಗೆ ಒಂದು ಪಾಯಿಂಟು, ರಾಜನಿಗೆ ಮೂರು. ಮೂರು ಪಾಯಿಂಟು ನಿನ್ನ ಕಣ್ಣಲ್ಲಿ ಒಂಬತ್ತಾಗಿ, ಹದಿನಾರು ಇಪ್ಪತ್ತೆರಡಾಗಿತ್ತು. ಜೊತೆಗಾರರ ಮುಖ ನೋಡಿ ಪಾಸ್ ಗೀಸ್ ಅನ್ನೋದು ಮೋಸವೇ, ಹೆಡ್‌ಮಾಸ್ಟರು ಸುಳ್ಳೇನೂ ಹೇಳಲಿಲ್ಲ. ನಿನ್ನ ಮಾತು ನಂಬಲಿಲ್ಲ ನಾನು, ನಿನ್ನ ಮೂಗನ್ನ ನಂಬಿದೆ.

ಆಟ ಹಾಳಾಗಿ ಹೋಗ್ಲಿ. ನನ್ನ ತಲೆ ತಿಂತಿರೋದು ನೀನು ಕೆಲಸ ಮಾಡೋ ಮೆಡಿಕಲ್ ಶಾಪು. ಹೋದ ತಿಂಗಳು ಮನೆ ಬೀಗದ ಕೈ ಕೊಡಕ್ಕೆ ಅಲ್ಲಿಗೆ ಬಂದಾಗ, ಆ ಊರುಗೋಲಿನ ತಾತನಿಗೆ ನೀನು ಹತ್ತು ಎಂ.ಜಿ. ಮಾತ್ರೆ ಬದಲು ನಲವತ್ತರದ್ದು ಕೊಟ್ಟೆ. ನಾನು ಪಕ್ಕದಲ್ಲೇ ನಿಂತಿದ್ದಕ್ಕೆ ಆಯ್ತು. ಎರಡು ಬೀದಿ ಓಡಿ, ಡೇಟ್ ಮುಗಿದಿದೆ ತಾತ ಅಂತ ಸುಳ್ಳು ಹೇಳಿ ಬದಲಾಯಿಸ್ಕೊಂಡು ಬಂದೆ. ನೀನು ಹಿಂದಿನ ರೂಮಲ್ಲಿ ರಟ್ಟಿನ ಡಬ್ಬದ ಮೇಲೆ ಕೂತಿದ್ದೆ. ನೋಡಿದ ಕಡೆ ಮಧ್ಯದಲ್ಲೇ ಮಂಜು ಕಟ್ಟುತ್ತೆ, ಅಂಚಲ್ಲಿ ಮಾತ್ರ ಕಾಣುತ್ತೆ ಅಂದೆ. ಹನ್ನೊಂದು ವರ್ಷದ ಕೌಂಟರು ಇದು, ಡಬ್ಬಿ ಬಣ್ಣ ನೋಡೇ ಕೊಡ್ತೀನಿ, ಯಾರ ಹತ್ರಾನೂ ಬಾಯಿ ಬಿಡಬೇಡ, ಭಾವನಿಗೆ ಗೊತ್ತಾದ್ರೆ ನಾಳೆಯಿಂದಲೇ ಮನೇಲಿ ಕೂರಿಸ್ತಾರೆ ಅಂದೆ. ನಾನು ಹೂಂ ಅಂದೆ. ಯಾಕಾದ್ರೂ ಅಂದ್ನೋ.

ಈ ಆಸ್ಪತ್ರೆಯ ಕೆಳಗೆ ಔಷಧಿ ಅಂಗಡಿಗೆ ಕಪಾಟು ಹೊಡೀತಿದ್ದಾರೆ. ಖಾಲಿ ಕಪಾಟು ನೋಡಿದ್ರೂ ಆ ತಾತನೇ ನೆನಪಾಗ್ತಾನೆ. ನಾನಿಲ್ಲದ ದಿನ ಯಾರು ಓಡ್ತಾರೆ ಹೇಳು?

ಡಾಕ್ಟರ ಹತ್ರ ಹೋಗು. ಅಲ್ಲೀವರೆಗೆ ಮಾತ್ರೆ ಕೈಯಲ್ಲಿ ಮುಟ್ಟಬೇಡ. ಫೋನಲ್ಲಿ ಸ್ಟಾಕ್ ತರಿಸೋ ಕೆಲಸ ನೋಡ್ಕೋತೀನಿ ಅಂತ ಓನರ್‌ಗೆ ಹೇಳು, ನಿನ್ನ ಬಿಟ್ರೆ ಅದು ಯಾರಿಗೂ ಬರಲ್ಲ. ಕ್ಲಬ್ಬಿನವರು ನನ್ನ ಹೊರಗೆ ಹಾಕಿದ್ರೆ ಹಾಕ್ಲಿ. ದಡ್ಡ ಅಂತ ಕರೆಸ್ಕೊಂಡು ನನಗೆ ಅಭ್ಯಾಸ ಇದೆ. ನಿನಗೆ ಕೊಟ್ಟ ಮಾತು ಇವತ್ತಿನವರೆಗೂ ಮುರಿದಿಲ್ಲ, ಒಬ್ಬರ ಹತ್ರಾನೂ ಬಾಯಿ ಬಿಟ್ಟಿಲ್ಲ.

ಮೇಸ್ತ್ರಿ ಕೂಗ್ತಿದ್ದಾನೆ.

ನಿನ್ನ
ಚಡಪಡ

ತಾ.ಕ.: ಭಾವ, ಇದನ್ನ ಓದಿ ಹೇಳ್ತಿರೋದು ನೀವೇ ಅಂತ ಗೊತ್ತು. ಅಕ್ಕನಿಗೆ ಓದಕ್ಕಾಗಬಾರದು, ಕಾಗದ ನಿಮ್ಮ ಕೈಗೇ ಬರಬೇಕು ಅಂತಲೇ ಇಷ್ಟು ಸಣ್ಣ ಅಕ್ಷರದಲ್ಲಿ, ಪೆನ್ಸಿಲಲ್ಲಿ ಬರೆದೆ. ಮಧ್ಯದಲ್ಲಿ ಸಾಕು ನಿಲ್ಲಿಸಿ ಅಂದಿರ್ತಾಳೆ, ನೀವು ನಿಲ್ಲಿಸಿರಲ್ಲ. ಈಗ ಅವಳ ಮೇಲೆ ರೇಗಬೇಡಿ. ಎದ್ದು ಒಳಗೆ ಹೋಗೋದ್ರೊಳಗೆ ಕೈ ಹಿಡ್ಕೊಳ್ಳಿ.